ಹಳೆಯ ಗೇರ್‌ಬಾಕ್ಸ್ ಕೈಬಿಡಬೇಡಿ: ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಬೆಂಗಳೂರು: ಕಾರಿನ ಎಂಜಿನ್ ಇನ್ನೂ ಗಟ್ಟಿಯಾಗಿದೆ, ಬಾಡಿಗೆ ತುಕ್ಕು ಹಿಡಿದಿಲ್ಲ, ಎಫ್‌ಸಿ ನವೀಕರಣವೂ ಆಗಿದೆ. ಅಂಥ ಹೊತ್ತಿನಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಮಾಲೀಕನ ಪಾಡು ಹೇಳತೀರದು. ಹೊಸ ಗೇರ್‌ಬಾಕ್ಸ್‌ಗೆ ತಗಲುವ ವೆಚ್ಚ ಹಳೆಯ ಕಾರಿನ ಮಾರುಕಟ್ಟೆ ಬೆಲೆಯ ದೊಡ್ಡ ಪಾಲನ್ನೇ ನುಂಗಿಬಿಡುತ್ತದೆ. ತಯಾರಿಕೆ ನಿಂತ ಮಾಡೆಲ್ ಆದರಂತೂ ಹೊಸದು ಸಿಗುವ ಭರವಸೆಯೂ ಇರುವುದಿಲ್ಲ. ಆಗ ಉಳಿಯುವ ದಾರಿ ಒಂದೇ: ಗುಜರಿ ಸೇರಿದ ಇನ್ನೊಂದು ಕಾರಿನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್.

ಈ ವರದಿಗಾರನ ಮನೆಯಲ್ಲಿಯೂ ಇಂಥದೇ ಪ್ರಸಂಗ ಎದುರಾಯಿತು. 2008ರ ಸಣ್ಣ ಕಾರು. ಗ್ಯಾರೇಜಿನವರು ಎರಡೇ ದಿನದಲ್ಲಿ ಗೇರ್‌ಬಾಕ್ಸ್ ಹುಡುಕಿ ತಂದರು. ‘ಅದೇ ಕಂಪನಿ, ಅದೇ ಮಾಡೆಲ್ ಸಾರ್, ಕಣ್ಣು ಮುಚ್ಚಿ ಹಾಕಬಹುದು’ ಎಂಬ ಭರವಸೆಯನ್ನೂ ಕೊಟ್ಟರು. ಎಂಜಿನ್‌ಗೆ ಅದು ಸಲೀಸಾಗಿ ಕೂತಿತು, ಬೋಲ್ಟುಗಳೂ ಹೊಂದಿದವು. ಆದರೆ ಆ್ಯಕ್ಸಲ್ ಮಾತ್ರ ಒಳಗೆ ಹೋಗಲಿಲ್ಲ. ಎಣಿಸಿ ನೋಡಿದರೆ ಹಲ್ಲುಗಳ ಸಂಖ್ಯೆಯೇ ಬೇರೆ! ಬದಲಾಯಿಸಿಕೊಡಿ ಎಂದು ಕೇಳಲು ಹೋದಾಗ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಹಳೇದು ಎಲ್ಲಿ? ತನ್ನಿ, ಪಕ್ಕದಲ್ಲಿಟ್ಟು ನೋಡಿ ಕೊಡ್ತೀವಿ.’ ಹಳೆಯದನ್ನು ಗ್ಯಾರೇಜಿನ ಹುಡುಗರು ಹಿಂದಿನ ಸಂಜೆಯೇ ತೂಕಕ್ಕೆ ಹಾಕಿಬಿಟ್ಟಿದ್ದರು. ಕಾರು ಮತ್ತೆ ರಸ್ತೆಗಿಳಿಯಲು ಹತ್ತೊಂಬತ್ತು ದಿನ ಬೇಕಾಯಿತು. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿಯನ್ನು ಎರಡು ಬಾರಿ ತೆರಬೇಕಾಯಿತು.

ಸೆಕೆಂಡ್ ಹ್ಯಾಂಡ್ ಬಿಡಿಭಾಗ ಕೊಳ್ಳುವವರಿಗೆ ಹೇಳಬೇಕಾದ ಮುಖ್ಯ ಮಾತು ಇದರಲ್ಲಿಯೇ ಇದೆ. ಕಾರಿನ ಹೆಸರು, ಇಸವಿ, ಅಂಗಡಿಯವನ ಮಾತು ಇವಾವುವೂ ಅಂತಿಮ ಪುರಾವೆಯಲ್ಲ. ನಿಮ್ಮ ಕಾರಿನಿಂದ ಇಳಿಸಿದ ಹಳೆಯ ಭಾಗವೇ ನಿಜವಾದ ಅಳತೆಗೋಲು. ಹೊಸದು ಕೂತು, ಕಾರು ಓಡಿ, ಮನಸ್ಸಿಗೆ ಸಮಾಧಾನವಾಗುವವರೆಗೆ ಅದು ಕೈಬಿಟ್ಟು ಹೋಗಬಾರದು.

ಮೊದಲು ರೋಗ ಯಾವುದು?

ಗೇರ್‌ಬಾಕ್ಸ್ ಕೊಳ್ಳಲು ಹೊರಡುವ ಮುನ್ನ ತೊಂದರೆ ಗೇರ್‌ಬಾಕ್ಸಿನದೇ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕ್ಲಚ್‌ನ ದೋಷಕ್ಕೆ ಗೇರ್‌ಬಾಕ್ಸ್ ಬದಲಾಯಿಸಿ ಹಣ ಕಳೆದುಕೊಂಡವರು ಉಂಟು. ಕೆಲವು ಸರಳ ಲಕ್ಷಣಗಳಿಂದ ಇದನ್ನು ತಕ್ಕಮಟ್ಟಿಗೆ ಗುರುತಿಸಬಹುದು.

ಎಂಜಿನ್ ಓಡುತ್ತಿರುವಾಗ ಎಲ್ಲ ಗೇರುಗಳೂ ಬಿಗಿಯಾಗಿದ್ದು, ಎಂಜಿನ್ ನಿಲ್ಲಿಸಿದಾಗ ಸಲೀಸಾಗಿ ಬೀಳುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಅಲ್ಲಿ ಗೇರ್‌ಬಾಕ್ಸಿನ ತಪ್ಪು ಕಡಿಮೆ. ಕ್ಲಚ್ ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್ ಕಡೆಗೆ ನೋಡಬೇಕು. ಇದಕ್ಕೆ ವಿರುದ್ಧವಾಗಿ, ನ್ಯೂಟ್ರಲ್‌ನಲ್ಲಿ ನಿಂತಾಗ ಕೇಳುವ ಗೊರಗೊರ ಸದ್ದು ಪೆಡಲ್ ಒತ್ತಿದೊಡನೆ ನಿಂತುಹೋದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಸವೆದಿರುವ ಸಂಭವ ಹೆಚ್ಚು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ‘ಟಕ್ ಟಕ್’ ಎಂಬ ಸದ್ದು ಬರುವುದು ಆ್ಯಕ್ಸಲ್‌ನ ಹೊರತುದಿಯ ಸಿವಿ ಜಾಯಿಂಟಿನಿಂದ. ಒಂದು ಗೇರಿನಲ್ಲಿ ಮಾತ್ರ ಕೊರೆಯುವಂಥ ಸದ್ದು, ಗೇರ್ ಹಾಕುವಾಗ ಕರ್ರೆಂದು ತಿಕ್ಕುವುದು, ಹಾಕಿದ ಗೇರ್ ತಾನಾಗಿ ಹಾರುವುದು ಇವು ಗೇರ್‌ಬಾಕ್ಸಿನ ಒಳಗಿನ ಸವೆತವನ್ನು ಸೂಚಿಸುತ್ತವೆ. ಆದರೂ ಗೇರ್ ಹಾರುವುದಕ್ಕೆ ಹರಿದ ಮೌಂಟ್ ಅಥವಾ ಸಡಿಲವಾದ ಲಿವರ್ ಜೋಡಣೆಯೂ ಕಾರಣವಾಗಬಹುದಾದ್ದರಿಂದ ಮೊದಲು ಅವುಗಳನ್ನು ನೋಡುವುದು ಜಾಣತನ.

ಒಂದು ಬೇರಿಂಗ್ ಅಥವಾ ಸಿಂಕ್ರೊನೈಸರ್ ರಿಂಗ್ ಮಾತ್ರ ಹಾಳಾಗಿದ್ದರೆ ಇರುವ ಗೇರ್‌ಬಾಕ್ಸನ್ನೇ ಬಿಚ್ಚಿ ಸರಿಪಡಿಸುವುದು ಮೇಲು. ಅದು ನಿಮ್ಮ ಕಾರಿಗೆ ಹೊಂದುತ್ತದೆ ಎಂಬುದರಲ್ಲಿ ಸಂಶಯವೇ ಇಲ್ಲವಲ್ಲ! ಕವಚ ಒಡೆದಿದ್ದರೆ ಅಥವಾ ಹಲವು ಗೇರುಗಳ ಹಲ್ಲು ಮುರಿದಿದ್ದರೆ ಮಾತ್ರ ಬೇರೊಂದನ್ನು ಹುಡುಕುವುದು ಅನಿವಾರ್ಯ.

ಹೆಸರು ಒಂದೇ, ಯಂತ್ರ ಬೇರೆ

ಬೆಂಗಳೂರಿನಲ್ಲಿ ಹಳೆಯ ಬಿಡಿಭಾಗವೆಂದರೆ ಶಿವಾಜಿನಗರದ ಗುಜರಿ ಮತ್ತು ಜೆ.ಸಿ. ರಸ್ತೆಯ ಅಂಗಡಿಗಳ ನೆನಪಾಗುತ್ತದೆ. ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿಗಳೂ ಇದೇ ವ್ಯಾಪಾರಕ್ಕೆ ಹೆಸರಾದವು. ಇಂಥ ಕಡೆ ಹೋಗಿ ಕಾರಿನ ಹೆಸರನ್ನಷ್ಟೇ ಹೇಳಿ ‘ಗೇರ್‌ಬಾಕ್ಸ್ ಕೊಡಿ’ ಎಂದರೆ ಸಾಲದು. ಅದಕ್ಕೆ ಕಾರಣ ನಮ್ಮ ರಸ್ತೆಗಳ ಅತ್ಯಂತ ಪರಿಚಿತ ಕಾರುಗಳ ಚರಿತ್ರೆಯಲ್ಲಿಯೇ ಇದೆ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷ ಹೆಸರು ಒಂದೇ ಉಳಿಯಿತು, ಆದರೆ ಒಳಗಿನ ಯಂತ್ರ ಹಾಗೆಯೇ ಉಳಿಯಲಿಲ್ಲ. 1986ರಲ್ಲಿ ಬಾಡಿಯೇ ಬದಲಾಯಿತು. ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು. ಆರಂಭದಿಂದ ನಾಲ್ಕು ಗೇರುಗಳಿದ್ದ ಕಾರಿಗೆ 2000ದ ಸುಮಾರಿಗೆ ಐದು ಗೇರುಗಳ ಮಾದರಿಯೂ ಸೇರಿಕೊಂಡಿತು. ಹೀಗಾಗಿ ‘ಮಾರುತಿ 800 ಗೇರ್‌ಬಾಕ್ಸ್’ ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ವಸ್ತುಗಳು ಅಂಗಡಿಯಲ್ಲಿರುತ್ತವೆ.

ಮಾರುತಿ ಓಮ್ನಿಯ ಉದಾಹರಣೆ ಇನ್ನೂ ಸ್ಪಷ್ಟ. 800ರಲ್ಲಿದ್ದ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನೇ ಓಮ್ನಿಯಲ್ಲಿಯೂ ಇತ್ತು. ಆದರೆ 800ರಲ್ಲಿ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನು ತಿರುಗಿಸಿದರೆ, ಓಮ್ನಿಯಲ್ಲಿ ಅದು ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಕೂತು ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುತ್ತದೆ. ಒಂದೇ ಕಂಪನಿಯ, ಒಂದೇ ಅಳತೆಯ ಎಂಜಿನ್ ಇದ್ದರೂ ಒಂದರ ಗೇರ್‌ಬಾಕ್ಸ್ ಇನ್ನೊಂದಕ್ಕೆ ಬರುವ ಮಾತೇ ಇಲ್ಲ.

‘ಆಲ್ಟೊ’ ಎಂಬ ಹೆಸರೂ ಹೀಗೆಯೇ ದಾರಿ ತಪ್ಪಿಸುತ್ತದೆ. 2000ದಲ್ಲಿ ಬಂದ ಆಲ್ಟೊ ಒಂದು. 2010ರಲ್ಲಿ 998 ಸಿಸಿಯ ಕೆ-ಸರಣಿ ಎಂಜಿನ್ ಮತ್ತು ಕೇಬಲ್ ಮಾದರಿಯ ಗೇರ್ ಜೋಡಣೆಯೊಂದಿಗೆ ಬಂದ ಆಲ್ಟೊ ಕೆ10 ಇನ್ನೊಂದು. 2012ರಲ್ಲಿ ಬಂದ ಆಲ್ಟೊ 800 ಮತ್ತೊಂದು. ಸ್ವಿಫ್ಟ್‌ನ ಸಂಗತಿಯಂತೂ ಇನ್ನಷ್ಟು ಸೂಕ್ಷ್ಮ. 2005ರಲ್ಲಿ 1.3 ಲೀಟರ್ ಪೆಟ್ರೋಲ್ ಎಂಜಿನ್‌ನೊಂದಿಗೆ ಬಂದ ಈ ಕಾರಿಗೆ 2007ರಲ್ಲಿ ಡೀಸೆಲ್ ಎಂಜಿನ್ ಸೇರಿತು. 2010ರಲ್ಲಿ ಪೆಟ್ರೋಲ್ ಕಾರಿಗೆ 1.2 ಲೀಟರ್‌ನ ಕೆ-ಸರಣಿ ಎಂಜಿನ್ ಬಂತು. ಬಾಡಿ ಬದಲಾದದ್ದು 2011ರಲ್ಲಿ. ಅಂದರೆ 2009ರ ಮತ್ತು 2010ರ ಕೊನೆಯ ಸ್ವಿಫ್ಟ್‌ಗಳು ಹೊರನೋಟಕ್ಕೆ ಅವಳಿಗಳು. ಬಾನೆಟ್ ಎತ್ತಿದರೆ ಮಾತ್ರ ಬೇರೆ ಬೇರೆ.

ಎಂಜಿನ್ ಒಂದೇ ಎಂಬುದೂ ಸಾಕಷ್ಟು ಪುರಾವೆಯಲ್ಲ. ಫಿಯೆಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲಿಯೂ, ಟಾಟಾ ಇಂಡಿಕಾ ವಿಸ್ಟಾದಲ್ಲಿಯೂ, ಫಿಯೆಟ್ ಪುಂಟೊದಲ್ಲಿಯೂ ಇತ್ತು. ಆದರೆ ಎಂಜಿನ್‌ನಿಂದ ಆಚೆಗೆ ಮೌಂಟ್, ಆ್ಯಕ್ಸಲ್, ಲಿವರ್ ಜೋಡಣೆಗಳೆಲ್ಲ ಆಯಾ ಕಾರಿನ ಬಾಡಿಗೆ ತಕ್ಕಂತೆ ಇರುತ್ತವೆ.

ಹಾಗಾಗಿ ಹುಡುಕಾಟದ ಮೊದಲ ಹೆಜ್ಜೆ ಕಾರಿನ ಚಾಸಿಸ್ ಸಂಖ್ಯೆ. ಆರ್‌ಸಿಯಲ್ಲಿರುವ ಈ 17 ಅಕ್ಷರ-ಅಂಕಿಗಳನ್ನು ಕಂಪನಿಯ ಅಧಿಕೃತ ಬಿಡಿಭಾಗ ಮಳಿಗೆಯಲ್ಲಿ ಕೊಟ್ಟರೆ ನಿಮ್ಮ ಕಾರಿಗೆ ಕಾರ್ಖಾನೆಯಲ್ಲಿ ಜೋಡಿಸಿದ ಗೇರ್‌ಬಾಕ್ಸಿನ ಪಾರ್ಟ್ ನಂಬರ್ ಯಾವುದೆಂದು ಪಟ್ಟಿ ನೋಡಿ ಹೇಳಬಲ್ಲರು. ಅದೇ ನಂಬರ್ ಬೇರೆ ಯಾವ ಮಾಡೆಲ್‌ಗಳಿಗೆ ಹೊಂದುತ್ತದೆ ಎಂದೂ ಕೇಳಿ ಬರೆದುಕೊಳ್ಳಿ. ಒಂದು ಎಚ್ಚರಿಕೆ: ಗೇರ್‌ಬಾಕ್ಸಿನ ಅಲ್ಯುಮಿನಿಯಂ ಕವಚದ ಮೇಲೆ ಎರಕದಲ್ಲಿ ಮೂಡಿರುವ ಸಂಖ್ಯೆ ಪಾರ್ಟ್ ನಂಬರ್ ಅಲ್ಲ. ಒಂದೇ ಎರಕದ ಕವಚದೊಳಗೆ ಬೇರೆ ಬೇರೆ ಗೇರುಗಳನ್ನು ಕೂರಿಸುವುದು ಕಾರ್ಖಾನೆಗಳಲ್ಲಿ ಸಾಮಾನ್ಯ.

ಪಕ್ಕಪಕ್ಕದಲ್ಲಿಟ್ಟು ನೋಡಬೇಕಾದ ಐದು ಸ್ಥಳ

ಹಳೆಯದು ಮತ್ತು ಕೊಳ್ಳಬೇಕೆಂದಿರುವುದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಕೆಳಗಿನ ಐದು ಸ್ಥಳಗಳನ್ನು ಹೋಲಿಸಬೇಕು. ಹಳೆಯದನ್ನು ಹೊತ್ತೊಯ್ಯುವುದು ಕಷ್ಟವಾದರೆ ಇದೇ ಸ್ಥಳಗಳ ಫೋಟೊ ತೆಗೆದು, ಅಳತೆ ಬರೆದುಕೊಂಡು ಹೋಗಬಹುದು.

1. ಎಂಜಿನ್‌ಗೆ ಕೂರುವ ಮುಖ: ಗೇರ್‌ಬಾಕ್ಸಿನ ಗಂಟೆಯಾಕಾರದ ಭಾಗಕ್ಕೆ ಬೆಲ್ ಹೌಸಿಂಗ್ ಎನ್ನುತ್ತಾರೆ. ಅದರ ಅಂಚಿನ ಬೋಲ್ಟು ರಂಧ್ರಗಳು ಮತ್ತು ಎಂಜಿನ್‌ನೊಡನೆ ನೇರವಾಗಿ ಕೂರಿಸುವ ಗೂಟಗಳ ಜಾಗ ಎರಡೂ ಒಂದೇ ಆಗಿರಬೇಕು. ರಟ್ಟಿನ ಹಾಳೆಯನ್ನು ಹಳೆಯದರ ಮುಖಕ್ಕೆ ಒತ್ತಿ ರಂಧ್ರಗಳ ಗುರುತು ಮಾಡಿಕೊಂಡರೆ ಅಂಗಡಿಯಲ್ಲಿ ಅದನ್ನೇ ಇಟ್ಟು ನೋಡಬಹುದು. ಹೌಸಿಂಗ್‌ನ ಆಳವನ್ನೂ ಅಳೆಯಬೇಕು. ಸ್ಟಾರ್ಟರ್ ಮೋಟಾರ್ ಕೂರುವ ಕಿಂಡಿ ಅದೇ ಬದಿಗೆ ಇದೆಯೇ ನೋಡಬೇಕು.

2. ಇನ್‌ಪುಟ್ ಶಾಫ್ಟ್: ಎಂಜಿನ್‌ನ ಶಕ್ತಿ ಕ್ಲಚ್ ಪ್ಲೇಟಿನ ಮೂಲಕ ಗೇರ್‌ಬಾಕ್ಸಿನೊಳಗೆ ಹೋಗುವುದು ಈ ಶಾಫ್ಟಿನಿಂದ. ಇದರ ಮೇಲಿನ ಉದ್ದುದ್ದನೆಯ ಹಲ್ಲುಗಳಿಗೆ ಸ್ಪ್ಲೈನ್ ಎನ್ನುತ್ತಾರೆ. ಅವುಗಳ ಸಂಖ್ಯೆ ಮತ್ತು ಶಾಫ್ಟಿನ ದಪ್ಪ ಒಂದೇ ಇರಬೇಕು. ಪರೀಕ್ಷೆ ಬಹಳ ಸುಲಭ: ನಿಮ್ಮ ಕಾರಿನ ಕ್ಲಚ್ ಪ್ಲೇಟನ್ನೇ ಜೊತೆಗೆ ಒಯ್ದು ಶಾಫ್ಟಿಗೆ ತೊಡಿಸಿ. ಅದು ಬಲ ಹಾಕದೆಯೇ ಹಿಂದಕ್ಕೂ ಮುಂದಕ್ಕೂ ಜಾರಬೇಕು. ಹಾಗೆಂದು ಸುತ್ತುಮುತ್ತ ಲೊಡಲೊಡ ಅಲ್ಲಾಡಬಾರದು. ಶಾಫ್ಟಿನ ಉದ್ದವನ್ನೂ ಹೋಲಿಸಿ.

3. ಆ್ಯಕ್ಸಲ್ ಕೂರುವ ರಂಧ್ರಗಳು: ಮೋಸ ಹೋಗುವ ಜಾಗ ಇದು. ಮುಂದಿನ ಚಕ್ರ ತಿರುಗುವ ಕಾರುಗಳಲ್ಲಿ ಗೇರ್‌ಬಾಕ್ಸಿನ ಒಳಗೇ ಡಿಫರೆನ್ಷಿಯಲ್ ಇರುತ್ತದೆ. ಎಡಬಲದ ಡ್ರೈವ್ ಶಾಫ್ಟುಗಳು ಬಂದು ಕೂರುವುದು ಅದರೊಳಗೆ. ಹಲ್ಲುಗಳ ಸಂಖ್ಯೆ, ಆಯಿಲ್ ಸೀಲಿನ ವ್ಯಾಸ, ಶಾಫ್ಟ್ ಒಳಗೆ ಹೋಗುವ ಆಳ ಈ ಮೂರನ್ನೂ ಎರಡೂ ಬದಿಯಲ್ಲಿ ನೋಡಬೇಕು. ಒಂದು ಬದಿ ಹೊಂದಿದೊಡನೆ ಇನ್ನೊಂದೂ ಹೊಂದುತ್ತದೆಂದು ಭಾವಿಸುವಂತಿಲ್ಲ. ಆ್ಯಕ್ಸಲ್ ಬದಲಾಯಿಸಿ ಹೊಂದಿಸುತ್ತೇವೆ ಎಂದರೆ ಅದರ ಹೊರತುದಿ ನಿಮ್ಮ ಚಕ್ರದ ಹಬ್‌ಗೆ ಕೂರುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಎಬಿಎಸ್ ಇರುವ ಕಾರುಗಳಲ್ಲಿ ವೇಗ ಅಳೆಯುವ ಹಲ್ಲಿನ ಉಂಗುರ ಆ್ಯಕ್ಸಲ್ ತುದಿಯಲ್ಲಿಯೇ ಇರಬಹುದಾದ್ದರಿಂದ ಅಂಥ ಅದಲುಬದಲು ಬ್ರೇಕಿನ ಸುರಕ್ಷತೆಗೂ ಸಂಬಂಧಿಸಿದ್ದು.

4. ಗೇರ್ ಲಿವರ್ ಮತ್ತು ಕ್ಲಚ್ ಜೋಡಣೆ: ಕೆಲವು ಗೇರ್‌ಬಾಕ್ಸ್‌ಗಳಿಗೆ ಲಿವರಿನಿಂದ ಕಬ್ಬಿಣದ ಸರಳು ಬರುತ್ತದೆ, ಕೆಲವಕ್ಕೆ ಎರಡು ಕೇಬಲ್ ಬರುತ್ತವೆ. ಒಂದು ಬಗೆಯದ್ದನ್ನು ಇನ್ನೊಂದಕ್ಕೆ ಸುಲಭವಾಗಿ ಜೋಡಿಸಲಾಗದು. ಕ್ಲಚ್ ಕೂಡ ಕೆಲವು ಕಾರುಗಳಲ್ಲಿ ಕೇಬಲ್‌ನಿಂದ, ಕೆಲವುಗಳಲ್ಲಿ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ.

5. ಮೌಂಟ್, ಸ್ವಿಚ್, ಸೆನ್ಸರ್: ಗೇರ್‌ಬಾಕ್ಸನ್ನು ಬಾಡಿಗೆ ಹಿಡಿದಿಡುವ ಬ್ರ್ಯಾಕೆಟ್‌ಗಳ ಬೋಲ್ಟು ಜಾಗ, ರಿವರ್ಸ್ ದೀಪದ ಸ್ವಿಚ್, ಸ್ಪೀಡೋಮೀಟರ್ ಸಂಪರ್ಕ ಇವು ಒಂದೇ ಬಗೆಯವೇ ನೋಡಿ. ಹಳೆಯ ಕಾರುಗಳಲ್ಲಿ ಸ್ಪೀಡೋಮೀಟರ್‌ಗೆ ತಿರುಗುವ ಕೇಬಲ್ ಹೋದರೆ, ನಂತರದವುಗಳಲ್ಲಿ ಅದೇ ಜಾಗದಲ್ಲಿ ವಿದ್ಯುತ್ ಸೆನ್ಸರ್ ಇರುತ್ತದೆ. ಬ್ರ್ಯಾಕೆಟ್ ಅಥವಾ ಸ್ವಿಚ್ ಮಾತ್ರ ಬೇರೆಯಾಗಿದ್ದರೆ ಚಿಂತೆಯಿಲ್ಲ. ಹಳೆಯದರಿಂದ ಬಿಚ್ಚಿ ಹಾಕಿಕೊಳ್ಳಬಹುದು. ಹಳೆಯದನ್ನು ಉಳಿಸಿಕೊಳ್ಳಬೇಕು ಎನ್ನಲು ಇದೂ ಒಂದು ಕಾರಣ.

ಕಣ್ಣಿಗೆ ಕಾಣದ ವ್ಯತ್ಯಾಸ: ಅನುಪಾತ

ಮೇಲಿನ ಐದೂ ಹೊಂದಿದ ಮೇಲೂ ಒಂದು ವ್ಯತ್ಯಾಸ ಉಳಿಯಬಹುದು. ಅದು ಗೇರ್ ಅನುಪಾತ. ಚಕ್ರ ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ ಇದು. ಪ್ರತಿ ಗೇರಿಗೂ ಒಂದು ಅನುಪಾತ ಇರುತ್ತದೆ. ಕೊನೆಯಲ್ಲಿ ಡಿಫರೆನ್ಷಿಯಲ್ ಬಳಿ ಎಲ್ಲ ಗೇರುಗಳಿಗೂ ಸಮಾನವಾದ ಅಂತಿಮ ಅನುಪಾತ ಇನ್ನೊಂದಿರುತ್ತದೆ. ಉದಾಹರಣೆಗೆ ಮೊದಲ ಗೇರಿನ ಅನುಪಾತ 3.5, ಅಂತಿಮ ಅನುಪಾತ 4.1 ಇದ್ದರೆ ಒಟ್ಟು 14.35. ಅಂದರೆ ಎಂಜಿನ್ 14 ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗ ಚಕ್ರ ಒಂದು ಸುತ್ತು ಬರುತ್ತದೆ.

ಇದನ್ನು ಕವಚ ಬಿಚ್ಚದೆಯೇ ಅಂಗಡಿಯ ನೆಲದ ಮೇಲೆ ಎಣಿಸಬಹುದು. ಕ್ಲಚ್ ಪ್ಲೇಟನ್ನು ಇನ್‌ಪುಟ್ ಶಾಫ್ಟಿಗೆ ತೊಡಿಸಿ, ಅದನ್ನೇ ಹಿಡಿಯಂತೆ ಬಳಸಿ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಗೇರ್‌ಬಾಕ್ಸನ್ನು ಮೊದಲ ಗೇರಿಗೆ ಹಾಕಿ. ಒಂದು ಬದಿಯ ಆ್ಯಕ್ಸಲ್ ರಂಧ್ರಕ್ಕೆ ಹಳೆಯ ಶಾಫ್ಟಿನ ತುದಿ ತೂರಿಸಿ ಅದು ತಿರುಗದಂತೆ ಒಬ್ಬರು ಹಿಡಿದಿರಲಿ. ಇನ್ನೊಂದು ಬದಿಗೂ ಗುರುತು ಮಾಡಿ ಕ್ಲಚ್ ಪ್ಲೇಟನ್ನು ತಿರುಗಿಸುತ್ತ ಹೋಗಿ. ಆ ಬದಿ ಸರಿಯಾಗಿ ಎರಡು ಸುತ್ತು ಬರುವಷ್ಟರಲ್ಲಿ ಕ್ಲಚ್ ಪ್ಲೇಟ್ ಎಷ್ಟು ಸುತ್ತು ಬಂತೋ ಅದೇ ಒಟ್ಟು ಅನುಪಾತ. ಎರಡು ಸುತ್ತು ಏಕೆಂದರೆ, ಒಂದು ಬದಿಯನ್ನು ತಡೆದಾಗ ಡಿಫರೆನ್ಷಿಯಲ್ ಇನ್ನೊಂದು ಬದಿಯನ್ನು ಇಮ್ಮಡಿ ತಿರುಗಿಸುತ್ತದೆ. ಇದೇ ಎಣಿಕೆಯನ್ನು ಹಳೆಯ ಗೇರ್‌ಬಾಕ್ಸಿನಲ್ಲಿಯೂ ಎಲ್ಲ ಗೇರುಗಳಲ್ಲಿಯೂ ಮಾಡಿ ಬರೆದಿಡಿ. ಎಲ್ಲ ಗೇರುಗಳಲ್ಲಿಯೂ ಒಂದೇ ಪ್ರಮಾಣದ ವ್ಯತ್ಯಾಸ ಬಂದರೆ ಅಂತಿಮ ಅನುಪಾತ ಬೇರೆ. ಒಂದರಲ್ಲಿ ಮಾತ್ರ ಬಂದರೆ ಆ ಗೇರಿನ ಜೋಡಿ ಬೇರೆ.

ವ್ಯತ್ಯಾಸವಿದ್ದರೆ ಏನಾಗುತ್ತದೆ? ಹಳೆಯದು 14.5, ತಂದದ್ದು 13.5 ಎಂದಿಟ್ಟುಕೊಳ್ಳೋಣ. ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇ 7ರಷ್ಟು ತಗ್ಗುತ್ತದೆ. ಅಂತಿಮ ಅನುಪಾತವೇ ಈ ವ್ಯತ್ಯಾಸಕ್ಕೆ ಕಾರಣವಾಗಿದ್ದರೆ ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಪ್ರಮಾಣದಲ್ಲಿ ನಿಧಾನವಾಗಿ ತಿರುಗಿ ಹಾಯೆನಿಸಬಹುದು. ಆದರೆ ಐವರನ್ನು ಕೂರಿಸಿಕೊಂಡು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ ಹೆಚ್ಚು ಹೊತ್ತು ಜಾರುತ್ತದೆ, ಬೇಗ ಸವೆಯುತ್ತದೆ. ಅನುಪಾತ ಹೆಚ್ಚಾದರೆ ಫಲ ತಿರುಗುಮುರುಗು: ಏರಿನಲ್ಲಿ ಸಲೀಸು, ಹೆದ್ದಾರಿಯಲ್ಲಿ ಎಂಜಿನ್ ಸದ್ದೂ ಇಂಧನ ವೆಚ್ಚವೂ ಹೆಚ್ಚು. ಇಷ್ಟರಿಂದ ಕಾರು ನಿಲ್ಲುವುದಿಲ್ಲ. ಆದರೆ ಕೊಳ್ಳುವವನಿಗೆ ಇದು ತಿಳಿದಿರಬೇಕು.

ಜೀಪಿನಲ್ಲಿ ಮಾತ್ರ ಕ್ಷಮೆಯಿಲ್ಲ

ಸಣ್ಣ ಕಾರಿನಲ್ಲಿ ಸಹಿಸಬಹುದಾದ ಈ ವ್ಯತ್ಯಾಸ, ನಾಲ್ಕೂ ಚಕ್ರ ತಿರುಗುವ ಜೀಪಿನಲ್ಲಿ ಅಪಾಯಕಾರಿ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳನ್ನು ನೆನೆಯಿರಿ. ಮಹೀಂದ್ರಾ ಸಂಸ್ಥೆಯು 1940ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಆರಂಭಿಸಿತು. ಆ ವಂಶದ ಜೀಪುಗಳಲ್ಲಿ ಆ್ಯಕ್ಸಲ್ ಅನುಪಾತ ಒಂದೇ ಆಗಿರಲಿಲ್ಲ. ಎರಡನೇ ಮಹಾಯುದ್ಧದ ಸೈನಿಕ ಜೀಪಿನ ಕ್ರೌನ್ ವೀಲ್‌ನಲ್ಲಿ 39 ಹಲ್ಲು, ಪಿನಿಯನ್‌ನಲ್ಲಿ 8 ಹಲ್ಲು, ಅಂದರೆ ಅನುಪಾತ 4.88. ನಂತರದ ಸಿಜೆ-3ಬಿ ಜೀಪಿನಲ್ಲಿ 43 ಮತ್ತು 8, ಅಂದರೆ 5.38.

ಮುಂದಿನ ಆ್ಯಕ್ಸಲ್ 5.38 ಇದ್ದು ಹಿಂದಕ್ಕೆ 4.88ರದ್ದನ್ನು ತಂದು ಕೂರಿಸಿದರೆ ಎರಡು ಚಕ್ರದ ಓಟದಲ್ಲಿ ಏನೂ ಗೊತ್ತಾಗುವುದಿಲ್ಲ. ಫೋರ್ ವೀಲ್ ಹಾಕಿದೊಡನೆ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಶೇ 10ರಷ್ಟು ವೇಗವಾಗಿ ತಿರುಗಲು ಹವಣಿಸುತ್ತವೆ. ಕೆಸರಿನಲ್ಲಿ ಟೈರು ಜಾರಿ ಹೊಂದಿಕೊಳ್ಳಬಹುದು. ಗಟ್ಟಿ ನೆಲದಲ್ಲಿ ಆ ಸೆಳೆತವನ್ನೆಲ್ಲ ಟ್ರಾನ್ಸ್‌ಫರ್ ಕೇಸ್ ಮತ್ತು ಶಾಫ್ಟುಗಳು ತಾಳಬೇಕು. ಸ್ಟೀರಿಂಗ್ ಬಿಗಿಯುತ್ತದೆ, ಲಿವರ್ ಬಿಡಿಸಲು ಬರುವುದಿಲ್ಲ, ಕೊನೆಗೆ ದುರ್ಬಲವಾದದ್ದು ಮುರಿಯುತ್ತದೆ. ಆದ್ದರಿಂದ ಜೀಪಿನ ಒಂದು ಆ್ಯಕ್ಸಲ್ ಬದಲಾಯಿಸುವವರು ಎರಡರ ಹಲ್ಲನ್ನೂ ಎಣಿಸದೆ ಹಣ ಕೊಡಬಾರದು.

ಒಳಗಿನ ಆರೋಗ್ಯ

ಹೊಂದಾಣಿಕೆ ಖಚಿತವಾದ ಮೇಲೆ ಗುಣಮಟ್ಟದ ಪ್ರಶ್ನೆ. ಗೇರ್‌ಬಾಕ್ಸನ್ನು ಹೊರಗೆ ತೊಳೆದು ಹೊಳೆಯಿಸಿರುವುದು ಆರೋಗ್ಯದ ಲಕ್ಷಣವಲ್ಲ. ಕೆಳಗಿನ ಡ್ರೈನ್ ಬೋಲ್ಟು ಬಿಚ್ಚಿಸಿ ಉಳಿದಿರುವ ಆಯಿಲ್ ನೋಡಿ. ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ ಬೂದು ಬಣ್ಣದ ನಯವಾದ ಕೆಸರು ಸಹಜ ಸವೆತ. ಬೆರಳಿಗೆ ಚುಚ್ಚುವ ಉಕ್ಕಿನ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ. ಹಿತ್ತಾಳೆ ಬಣ್ಣದ ಪುಡಿ ಹೆಚ್ಚಿದ್ದರೆ ಸಿಂಕ್ರೊನೈಸರ್ ರಿಂಗುಗಳು ಸವೆದಿವೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಹೊಕ್ಕಿದೆ ಎಂದು ತಿಳಿಯಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ಓದುಗರು ಮರೆತಿರಲಾರರು. ಮುಳುಗಿದ ಕಾರಿನ ಗೇರ್‌ಬಾಕ್ಸಿಗೆ ಗಾಳಿಕಿಂಡಿಯ ಮೂಲಕ ನೀರು ಹೋಗುತ್ತದೆ, ಬೇರಿಂಗ್‌ಗಳಿಗೆ ತುಕ್ಕು ಹಿಡಿಯುತ್ತದೆ. ಆಯಿಲ್ ಪೂರ್ತಿ ಖಾಲಿ ಮಾಡಿಟ್ಟಿದ್ದರೆ ಏಕೆಂದು ಕೇಳಿ, ರಂಧ್ರದೊಳಕ್ಕೆ ಟಾರ್ಚ್ ಹಾಕಿ ನೋಡಿ.

ನಂತರ ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ. ಅದು ಮೃದುವಾಗಿ ತಿರುಗಬೇಕು. ಮರಳು ಅರೆದಂತೆ ಕೈಗೆ ತಟ್ಟಬಾರದು. ಮೇಲೆ ಕೆಳಗೆ ಅಲ್ಲಾಡಿಸಿದಾಗ ಹಳೆಯದಕ್ಕಿಂತ ಹೆಚ್ಚು ಆಟ ಇರಬಾರದು. ಎಲ್ಲ ಗೇರುಗಳನ್ನೂ ರಿವರ್ಸ್ ಸಹಿತ ಹಾಕಿ ಬಿಡಿಸಿ ನೋಡಿ. ನ್ಯೂಟ್ರಲ್‌ನಲ್ಲಿ ಒಂದು ಬದಿಯ ಆ್ಯಕ್ಸಲ್ ರಂಧ್ರವನ್ನು ತಿರುಗಿಸಿದಾಗ ಇನ್ನೊಂದು ಬದಿ ವಿರುದ್ಧ ದಿಕ್ಕಿಗೆ ಸರಾಗವಾಗಿ ತಿರುಗುವುದು ಡಿಫರೆನ್ಷಿಯಲ್‌ನ ಕ್ಷೇಮ ಸೂಚನೆ. ಕವಚದ ಮೇಲೆ ಬೆಸುಗೆ ಹಾಕಿದ ಗುರುತು, ಮೌಂಟ್ ಕಿವಿಗಳಲ್ಲಿ ಸೀಳು ಇದ್ದರೆ ಬೇಡವೆನ್ನಿ.

ಆಟೊಮ್ಯಾಟಿಕ್ ಕಾರುಗಳ ಮಾಲೀಕರು ಇನ್ನೂ ಒಂದು ಹೆಜ್ಜೆ ಎಚ್ಚರ ವಹಿಸಬೇಕು. 2014ರಲ್ಲಿ ಸೆಲೆರಿಯೊ ಮೂಲಕ ಜನಪ್ರಿಯವಾದ ಎಎಂಟಿ ವ್ಯವಸ್ಥೆಯಲ್ಲಿ ಗೇರ್‌ಬಾಕ್ಸ್ ಮೂಲತಃ ಮ್ಯಾನ್ಯುವಲ್ ಆಗಿದ್ದು, ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಇದನ್ನು ಬದಲಾಯಿಸಿದ ನಂತರ ಕಂಪ್ಯೂಟರ್ ಜೋಡಿಸಿ ಹೊಸ ಗೇರ್‌ಬಾಕ್ಸಿನ ಅಳತೆಗಳನ್ನು ಕಲಿಸಬೇಕಾಗುತ್ತದೆ. ಸಿವಿಟಿ ಮತ್ತು ಇತರ ಆಟೊಮ್ಯಾಟಿಕ್‌ಗಳಲ್ಲಿ ಈ ಅವಶ್ಯಕತೆ ಇನ್ನೂ ಹೆಚ್ಚು. ಆ ಉಪಕರಣ ಇಲ್ಲದ ಗ್ಯಾರೇಜಿನಲ್ಲಿ ಕೆಲಸ ಆರಂಭಿಸದಿರುವುದು ಒಳಿತು.

ಬಿಲ್ಲು ಕೇಳಲು ಸಂಕೋಚ ಬೇಡ

ಎಂಜಿನ್ ಬದಲಾಯಿಸಿದರೆ ಅದರ ಸಂಖ್ಯೆ ಆರ್‌ಸಿಯಲ್ಲಿ ಇರುವುದರಿಂದ ಸಾರಿಗೆ ಕಚೇರಿಯಲ್ಲಿ ನಮೂದಾಗಬೇಕು. ಆರ್‌ಸಿಯಲ್ಲಿ ಗೇರ್‌ಬಾಕ್ಸಿನ ಸಂಖ್ಯೆ ಇರುವುದಿಲ್ಲ. ಈ ಸೌಲಭ್ಯವೇ ಕಳ್ಳಮಾಲಿಗೂ ದಾರಿ. ಕದ್ದ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಅಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. 2024ರ ಜುಲೈ 1ರಿಂದ ಈ ಕಾನೂನು ಜಾರಿಯಲ್ಲಿದೆ. ನಂಬಲಾಗದಷ್ಟು ಅಗ್ಗದ ಬೆಲೆ, ಬಿಲ್ಲು ಕೊಡಲು ಒಪ್ಪದ ವ್ಯಾಪಾರಿ, ಉಜ್ಜಿ ಅಳಿಸಿದ ಸಂಖ್ಯೆ ಈ ಮೂರರಲ್ಲಿ ಒಂದು ಕಂಡರೂ ಹಿಂದಿರುಗಿ ಬರುವುದು ಕ್ಷೇಮ.

ಬಿಲ್ಲಿನಲ್ಲಿ ಗೇರ್‌ಬಾಕ್ಸಿನ ಸಂಖ್ಯೆ, ಅದು ಯಾವ ಮಾಡೆಲ್ ಮತ್ತು ಇಸವಿಯ ಕಾರಿನದು, ಎಷ್ಟು ದಿನದ ಗ್ಯಾರಂಟಿ, ಹೊಂದದಿದ್ದರೆ ವಾಪಸ್ ಪಡೆಯುವ ಷರತ್ತು ಇವನ್ನು ಬರೆಸಿಕೊಳ್ಳಬೇಕು. ಗ್ಯಾರಂಟಿಯ ದಿನ ಲೆಕ್ಕವಾಗುವುದು ಕೊಂಡ ದಿನದಿಂದಲೋ, ಜೋಡಿಸಿದ ದಿನದಿಂದಲೋ ಎಂಬುದನ್ನೂ ಕೇಳಿ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟರೆ ಬೆಲೆ ಇಳಿಸುವುದಾಗಿ ಹಲವು ವ್ಯಾಪಾರಿಗಳು ಹೇಳುತ್ತಾರೆ. ಒಪ್ಪಬಹುದು, ಆದರೆ ಹಳೆಯದನ್ನು ಒಪ್ಪಿಸುವುದು ಕಾರು ಓಡಿದ ಮೇಲೆ ಎಂಬ ಷರತ್ತಿನ ಮೇಲೆ.

ಕೂರಿಸುವಾಗ

ಗೇರ್‌ಬಾಕ್ಸ್ ಇಳಿಸಿರುವಾಗಲೇ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ನೋಡಿಸಿ. ಸವೆದಿದ್ದರೆ ಬದಲಾಯಿಸಿದಲ್ಲಿ ಇನ್ನೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ. ಆ್ಯಕ್ಸಲ್‌ನ ಆಯಿಲ್ ಸೀಲುಗಳನ್ನು ಹೊಸದಾಗಿಯೇ ಹಾಕಿಸಬೇಕು. ಗೇರ್‌ಬಾಕ್ಸ್ ಎಂಜಿನ್‌ಗೆ ಕೈಯಿಂದ ಒತ್ತಿದಾಗಲೇ ಸಂದಿಯಿಲ್ಲದೆ ಕೂರಬೇಕು. ಕೂರದಿದ್ದಾಗ ಬೋಲ್ಟು ಬಿಗಿದು ಎಳೆಯುವ ಅಭ್ಯಾಸ ಕೆಲವು ಮೆಕ್ಯಾನಿಕ್‌ಗಳಲ್ಲಿದೆ. ಇದರಿಂದ ಕ್ಲಚ್ ಪ್ಲೇಟ್ ಬಾಗಬಹುದು, ಹೌಸಿಂಗ್ ಸೀಳಬಹುದು. ಕೂರುತ್ತಿಲ್ಲ ಎಂದರೆ ಕ್ಲಚ್ ಪ್ಲೇಟ್ ಮಧ್ಯಕ್ಕಿಲ್ಲ, ಇಲ್ಲವೇ ಗೇರ್‌ಬಾಕ್ಸೇ ಬೇರೆಯದು.

ಆಯಿಲ್ ವಿಷಯದಲ್ಲಿ ಕಾರಿನ ಕೈಪಿಡಿಯೇ ಪ್ರಮಾಣ. ಕೈಪಿಡಿಯಲ್ಲಿ ಜಿಎಲ್-4 ದರ್ಜೆ ಎಂದಿದ್ದರೆ ‘ಅದಕ್ಕಿಂತ ಒಳ್ಳೆಯದು’ ಎಂದು ಜಿಎಲ್-5 ಸುರಿಯಬಾರದು. ಅದರಲ್ಲಿನ ರಾಸಾಯನಿಕಗಳು ಸಿಂಕ್ರೊನೈಸರ್‌ನ ಹಿತ್ತಾಳೆ ರಿಂಗುಗಳಿಗೆ ಒಗ್ಗದಿರಬಹುದು. ಮೊದಲ ಸಾವಿರ ಕಿಲೊಮೀಟರ್ ನಂತರ ಡ್ರೈನ್ ಬೋಲ್ಟು ಬಿಚ್ಚಿ ಮತ್ತೊಮ್ಮೆ ಅಯಸ್ಕಾಂತ ನೋಡಿದರೆ ಒಳಗಿನ ಸಂಗತಿ ತಿಳಿಯುತ್ತದೆ.

ಇಷ್ಟೆಲ್ಲ ತಪಾಸಣೆ ಒಂದು ಮಧ್ಯಾಹ್ನದ ಕೆಲಸ. ಒಯ್ಯಬೇಕಾದ ಸಾಮಗ್ರಿಯೂ ಅಷ್ಟೇ ಸರಳ: ಚಾಸಿಸ್ ಸಂಖ್ಯೆ ಬರೆದ ಚೀಟಿ, ಹಳೆಯ ಕ್ಲಚ್ ಪ್ಲೇಟ್, ಆ್ಯಕ್ಸಲ್ ತುದಿ, ಅಳತೆ ಪಟ್ಟಿ, ಸೀಮೆಸುಣ್ಣ, ಟಾರ್ಚ್. ಸಾಧ್ಯವಾದರೆ ಆಟೊ ಹಿಂಬದಿಯಲ್ಲಿ ಹಳೆಯ ಗೇರ್‌ಬಾಕ್ಸ್. ನಮ್ಮ ಮನೆಯ ಕಾರಿಗೆ ಎರಡನೇ ಬಾರಿ ಹುಡುಕಲು ಹೋದಾಗ ಗೇರ್‌ಬಾಕ್ಸ್ ಇಲ್ಲದ್ದರಿಂದ ಆ್ಯಕ್ಸಲ್ ಒಂದನ್ನೇ ಗೋಣಿಚೀಲದಲ್ಲಿ ಸುತ್ತಿ ಒಯ್ಯಲಾಯಿತು. ಐದು ಅಂಗಡಿಗಳಲ್ಲಿ ಅದು ಹೊಂದಲಿಲ್ಲ. ಆರನೆಯದರಲ್ಲಿ ‘ಕ್ಲಿಕ್’ ಎಂದು ಕೂತಿತು. ಕಾರು ಈಗಲೂ ಓಡುತ್ತಿದೆ.